ಎಕ್ಸ್‌ರೇ ಕೋಣೆಯಲ್ಲಿ ಎದೆ ಧಸಕ್ಕೆಂದ ದಿನಗಳು

ಎಕ್ಸ್‌ರೇ ತೆಗೆಯುವುದನ್ನು ಕಲಿಯಲು ಹೊರಟಾಗ ಮಂದಿಯ ಎದೆಗೂಡು ನೋಡುವುದಷ್ಟೇ ಕೆಲಸ ಅಂದುಕೊಂಡಿದ್ದೆ. ನನ್ನ ಎದೆಯೇ ವಾರಕ್ಕೊಮ್ಮೆಯಾದರೂ ಧಸಕ್ಕೆನ್ನುತ್ತದೆ ಎಂದು ಯೂನಿವರ್ಸಿಟಿಯ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಕೊನೆಯ ವರ್ಷ ತರಬೇತಿಗೆಂದು ಅಥಣಿಯ ಒಂದು ಆಸ್ಪತ್ರೆಗೆ ಹಾಕಿದರು. ಚಿಕ್ಕೋಡಿಯ ಸ್ಕ್ಯಾನಿಂಗ್ ಸೆಂಟರ್ ಒಂದರವರು, "ಈ ಸಲ ಪಾಸಾದ್ರ ಬಾ, ಕೆಲಸ ಐತಿ. ಮುಂದಿನ ಸಲಕ್ಕ ನಾವು ಕಾಯಂಗಿಲ್ಲ" ಎಂದಿದ್ದರು. ರಾಯಬಾಗದಲ್ಲಿ ನಮ್ಮಪ್ಪ ಕೆಲಸ ಸಿಕ್ಕೇಬಿಟ್ಟಿತೆಂದು ಓಣಿಗೆಲ್ಲ ಪೇಢಾ ಹಂಚಿ ಮುಗಿಸಿದ್ದ. ಹೀಗಾಗಿ ಪರೀಕ್ಷೆ ನನ್ನದು, ಮರ್ಯಾದೆ ಅಪ್ಪನದು.

ಆಸ್ಪತ್ರೆಯಲ್ಲಿ ನನಗೆ ಕಲಿಸುತ್ತಿದ್ದ ಹಿರಿಯ ಟೆಕ್ನಿಷಿಯನ್ ಸರ್ ಮೊದಲ ದಿನವೇ ಹೇಳಿದ್ದರು: "ನೋಡವಾ, ಫಿಲ್ಮಿನ್ಯಾಗ ಮನುಷ್ಯಾರದ್ದು ಬಿಟ್ಟು ಬ್ಯಾರೆ ಏನರ ಕಂಡ್ರ ಪರೀಕ್ಷಾದಾಗ ಫೇಲ. ಪಿನ್ನು, ಗುಂಡಿ, ತಾಯತ, ಏನೂ ಬರಬಾರ್ದು." ಆ ಮಾತನ್ನೇ ನಾನು ತಾಯತದ ಹಾಗೆ ಕಟ್ಟಿಕೊಂಡೆ.

ಗೋಡೆಯ ಹಿಂದೆ

ತೆಲಸಂಗದ ಅಜ್ಜನೊಬ್ಬ ಸೊಂಟ ಹಿಡಿದಿದೆ ಎಂದು ಬಂದ. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಿದ್ದ. ಅವನನ್ನು ಟೇಬಲ್ ಮೇಲೆ ಮಲಗಿಸಿ, ಜೊತೆಗೆ ಬಂದಿದ್ದ ಅವನ ಹೆಂಡತಿ ಅಜ್ಜಿಯನ್ನು ಹೊರಗೆ ಕೂಡಿಸಿ, ನಾನು ಗಾಜಿನ ಕಿಟಕಿ ಇರುವ ಗೋಡೆಯ ಹಿಂದೆ ಹೋದೆ. ಬಟನ್ ಒತ್ತಬೇಕು, ಅಷ್ಟರಲ್ಲಿ ಧಡಾರನೆ ಬಾಗಿಲು ತೆರೆಯಿತು. ಅಜ್ಜಿ.

"ಯವ್ವಾ, ನೀ ಯಾಕ ಗ್ವಾಡಿ ಹಿಂದ ಅಡಗೀದಿ?"

"ಮಿಶಿನ್ನಿನ ಕಿರಣ ನನಗ ತಾಗಬಾರ್ದು, ಆಯಿ."

"ನಿನಗ ತಾಗಬಾರ್ದು, ನಮ್ಮ ಮನಿಯವ್ರಿಗೆ ತಾಗಬೇಕು?"

"ಅವರಿಗೆ ಒಂದ ಸಲ. ನನಗ ದಿನಾ ಇದ ಕೆಲಸ..."

"ದಿನಾ ಮಾಡಾಕೀನ ಅಂಜಿ ಅಡಗತಾಳಂದ್ರ ಇದು ಖರೇನ ಕೆಟ್ಟೈತಿ. ಏಳ್ರೀ ಮ್ಯಾಲ!"

ಅಜ್ಜ ಟೇಬಲ್ಲಿನಿಂದ ತಾನೇ ಜಿಗಿದ. ಯಾರ ಹೆಗಲೂ ಬೇಕಾಗಲಿಲ್ಲ. ಅಜ್ಜಿಗಿಂತ ಮೊದಲು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ.

ಸರ್ ಹೇಳಿದರು: "ಯಾಕ ಗಾಬರಿ ಆಗ್ತಿ? ಎಕ್ಸ್‌ರೇ ತಗೀಲಾರದನ ಸೊಂಟ ಆರಾಮ ಆತಲ್ಲ."

ಸೊಂಟದಲ್ಲಿ ಸಂಸಾರ

ಮುಂದಿನ ವಾರ ಸೊಂಟ ಮತ್ತೆ ಹಿಡಿಯಿತು. ಈ ಸಲ ಅಜ್ಜಿಯನ್ನೂ ಗೋಡೆಯ ಹಿಂದೆ ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಅಜ್ಜನಿಗೆ ಧೋತರ ಬಿಚ್ಚಿ ಗೌನು ಹಾಕಿಕೊಳ್ಳಿ ಎನ್ನಲು ನನಗೆ ನಾಚಿಕೆ. ಬಾಯಿಮಾತಿನಲ್ಲೇ ಕೇಳಿದೆ: "ಅಜ್ಜಾರ, ಮೈಮ್ಯಾಲ ಏನರ ಐತೇನ್ರಿ?"

"ಏನಿಲ್ಲ ತಂಗಿ, ಉಡದಾರಾನೂ ತಗದೀನಿ."

ಪರದೆಯ ಮೇಲೆ ಚಿತ್ರ ಬಂತು. ಬೆನ್ನೆಲುಬಿನ ಪಕ್ಕದಲ್ಲಿ ದುಂಡನೆಯ ಬಿಳಿ ವಸ್ತು! ಈ ಮನುಷ್ಯ ಏನು ನುಂಗಿದ್ದಾನಪ್ಪಾ ಎಂದು ಸರ್ ಅವರನ್ನು ಕರೆಯಲು ಹೊರಟಿದ್ದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ ಹೇಳಿದಳು: "ಇದು ಸುಣ್ಣದ ಡಬ್ಬಿ. ಒಂದ ಬಾಜು ಚಪ್ಪಟಿ ಆಗೇತಿ ನೋಡು, ನಾನ ಸಿಟ್ಟಿಲೆ ಒಗದಿದ್ದೆ."

ಡಬ್ಬಿ ಧೋತರದ ಗಂಟಿನಲ್ಲಿತ್ತು. ಒಂದು ಕಡೆ ಸುಣ್ಣ, ಇನ್ನೊಂದು ಕಡೆ ತಂಬಾಕು. ತಂಬಾಕು ಬಿಟ್ಟೆನೆಂದು ಅಜ್ಜ ಕೊಕಟನೂರ ಯಲ್ಲಮ್ಮನ ಆಣೆ ಮಾಡಿ ವರ್ಷವಾಗಿತ್ತಂತೆ. "ಇದನ್ನ ಇವತ್ತ ಬಾವ್ಯಾಗ ಒಗೀತೀನಿ" ಎಂದು ಅಜ್ಜಿ ಕಸಿದುಕೊಂಡಳು.

ಅಜ್ಜ ನನ್ನ ಕಡೆ ನೋಡಿದ. "ಸೊಂಟ ನೋಡ ಅಂದ್ರ ಸಂಸಾರ ನೋಡಿದೆಲ್ಲ ತಂಗಿ!"

ಪೈಲವಾನರ ಉಸಿರು

ಕಾಗವಾಡದ ಕಡೆಯ ಪೈಲವಾನರೊಬ್ಬರು ಎದೆಯ ಎಕ್ಸ್‌ರೇಗೆ ಬಂದರು. "ಉಸುರು ಜೋರ ಎಳಕೊಂಡು ಹಿಡೀರಿ" ಎಂದೆ. ಬಟನ್ ಒತ್ತುವ ಮೊದಲೇ ಕರೆಂಟು ಹೋಯಿತು. ಜನರೇಟರ್ ಹಚ್ಚಿರೆಂದು ಕೂಗುತ್ತಾ ಹೊರಗೆ ಓಡಿದೆ. ದೀಪ ಬಂದಾಗ ನೋಡಿದರೆ ಪೈಲವಾನರ ಮುಖ ಬೀಟ್ರೂಟು, ಕಣ್ಣು ಹೊರಗೆ.

"ಅಯ್ಯ, ಬಿಡ್ರೀ!" ಎಂದು ಕಿರುಚಿದೆ.

ಬಿಟ್ಟರು. ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕುಳಿತರು. "ಕುಸ್ತಿ ಕಲಸೂ ವಸ್ತಾದ್ರು ಹೇಳೂತನಕ ಬಿಡಬಾರದಂತ ನಮ್ಮ ತಾಲೀಮಿನ ಶಿಸ್ತರಿ, ಬಾಯಾರ" ಎಂದು ಏದುಸಿರಿನಲ್ಲಿ ಹೇಳಿದರು.

ಸರ್ ಮೆಲ್ಲಗೆ ಅಂದರು: "ಪೈಲವಾನರನ್ನ ಕೆಡವಿದಿ ಅಂತ ಕಾಗವಾಡದಾಗ ಸುದ್ದಿ ಆಗೂದು ಬ್ಯಾಡ. ನಾಳಿ ನಿನ್ನ ಕೂಡ ಕುಸ್ತಿ ಹಿಡ್ಯಾಕ ಮಂದಿ ಬರ್ತಾರ."

ಪರೀಕ್ಷೆ

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ನಗುವುದು ನಿಷಿದ್ಧ ಎನ್ನುವಂಥ ಮುಖ, ಪುಸ್ತಕದಂಥ ಕನ್ನಡ. ನನ್ನ ಪಾಲಿಗೆ ಬಂದ ರೋಗಿ ಯಾರು? ತೆಲಸಂಗದ ಅದೇ ಅಜ್ಜಿ! ಈ ಸಲ ಸೊಂಟ ಅವಳದು.

ನನಗೆ ಧೈರ್ಯ ಬಂತು. ಡಬ್ಬಿಯ ವೈರಿಯೇ ಬಂದಮೇಲೆ ಭಯವೇನು? ಗೌನು ಹಾಕಿಸಿದೆ. ಆದರೂ ಎರಡೆರಡು ಸಲ ಕೇಳಿದೆ: "ಆಯಿ, ಏನೂ ಇಲ್ಲಲಾ? ಇವತ್ತ ನನ್ನ ನೌಕರಿ ನಿಮ್ಮ ಸೊಂಟದ ಮ್ಯಾಲೈತಿ."

"ಇದೇನ ನಮ್ಮ ಮನಿಯವ್ರ ಸೊಂಟ ಅಂತ ತಿಳದೀಯೇನ?"

ಬಟನ್ ಒತ್ತಿದೆ. ಪರದೆ ನೋಡಿದೆ. ಬೆನ್ನೆಲುಬಿನ ಪಕ್ಕದಲ್ಲಿ ದುಂಡನೆಯ ಬಿಳಿ ವಸ್ತು. ಒಂದು ಬಾಜು ಚಪ್ಪಟೆ.

ಅಪ್ಪ ಹಂಚಿದ ಪೇಢಾ ಎಲ್ಲ ಕಣ್ಣ ಮುಂದೆ ಬಂದವು.

"ಇದೇನು?" ಎಂದರು ಪರೀಕ್ಷಕರು.

"ಸುಣ್ಣದ ಡಬ್ಬಿ, ಸರ್."

"ಹೇಗೆ ಗೊತ್ತು?"

"ಪರಿಚಯದ ಡಬ್ಬಿ ಸರ್. ಹೋದ ಸಲ ಇವರ ಮನಿಯವ್ರ ಸೊಂಟದಾಗಿತ್ತು."

ಬಾಗಿಲಲ್ಲಿ ಇಣುಕಿದ ಅಜ್ಜ ಪರದೆ ನೋಡಿ ಚೀರಿದ: "ನನ್ನ ಡಬ್ಬಿ! ಬಾವ್ಯಾಗ ಒಗದೆ ಅಂದಿದ್ದೆಲ್ಲ?"

ಅಜ್ಜಿ ಮಲಗಿದಲ್ಲಿಂದಲೇ ಹೇಳಿದಳು: "ಒಗ್ಯಾಕನ ಹೊಂಟಿದ್ದೆ. ಹಲ್ಲ ನೋಯಾಕತ್ತಿತ್ತು. ಒಂದ ಚೂರ ಇಟ್ಟು ನೋಡಿದೆ."

"ಯಾವಾಗ?"

"ಅವತ್ತ, ಬಸ್ಸಿನ್ಯಾಗ."

ಪರೀಕ್ಷಕರು ನನ್ನ ಕಡೆ ತಿರುಗಿದರು. "ಬೇರೆ ವಸ್ತು ಕಂಡರೆ ಏನಾಗುತ್ತದೆ, ಗೊತ್ತಿದೆಯಲ್ಲ?" ನನಗೆ ಅಳುವೇ ಬಂತು. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ಕುಳಿತಳು.

"ಸಾಹೇಬ್ರ, ಹುಡುಗಿ ಎರಡ ಸಲ ಕೇಳ್ಯಾಳ. ಸುಳ್ಳ ಹೇಳಿದಾಕಿ ನಾ. ಫೇಲ ಮಾಡೂದಿದ್ರ ನನ್ನ ಮಾಡ್ರಿ."

ಪರೀಕ್ಷಕರು ಕೈ ಚಾಚಿದರು. ಅಜ್ಜಿ ಗೌನಿನೊಳಗೆ ಕೈಹಾಕಿ, ಒಳಲಂಗದ ಲಾಡಿಗೆ ಸಿಗಿಸಿದ್ದ ಡಬ್ಬಿ ತೆಗೆದು ಕೊಟ್ಟಳು. "ಇನ್ನೊಮ್ಮೆ ತೆಗೆಯಿರಿ" ಎಂದರು. ತೆಗೆದೆ. ಈ ಸಲ ಬರೀ ಎಲುಬು, ತೊಳೆದಿಟ್ಟ ಹಾಗೆ.

ಪಾಸೋ ಫೇಲೋ ಕೇಳೋಣವೆಂದು ತಿರುಗಿದೆ. ಪರೀಕ್ಷಕರು ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಿದ್ದರು. ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, "ನಿಪ್ಪಾಣಿ ತಂಬಾಕೇನ್ರಿ ಇದು?" ಎಂದು ಅಜ್ಜಿಯನ್ನು ಕೇಳಿದರು. ಒಂದು ಚಿಟಿಕೆ ಅಂಗೈಗೆ ಹಾಕಿ, ಸುಣ್ಣ ಹಚ್ಚಿ, ತಿಕ್ಕಿ, ತುಟಿಯೊಳಗೆ ಇಟ್ಟುಕೊಂಡರು. ಪಕ್ಕದಲ್ಲಿ ನಿಂತಿದ್ದ ನಮ್ಮ ಟೆಕ್ನಿಷಿಯನ್ ಸರ್ ಗೋಡೆ ಹಿಡಿದುಕೊಂಡರು.

"ಸರ್, ನನ್ನ ಪರೀಕ್ಷಾ?" ಎಂದೆ.

ಬಾಯಲ್ಲಿ ತಂಬಾಕು ಇಟ್ಟುಕೊಂಡ ಪರೀಕ್ಷಕರು ಬಾಯಿ ಬಿಡುವಂತಿರಲಿಲ್ಲ. ಪಾಸು ಎಂದು ಎರಡು ಸಲ ತಲೆ ಆಡಿಸಿ, ಡಬ್ಬಿಯನ್ನು ತಮ್ಮ ಜೇಬಿಗೆ ಇಳಿಸಿದರು.

ಅಜ್ಜ, ಅಜ್ಜಿ ಇಬ್ಬರೂ ಒಟ್ಟಿಗೇ ಚೀರಿದರು: "ಸಾಹೇಬ್ರ, ಡಬ್ಬಿ!"