ಉಪ್ಪು ಸಾಲದು

ನಮ್ಮ ದೊಡ್ಡಪ್ಪ ಹುಟ್ಟಿದಾಗಿನಿಂದ ಒಂದು ಆಟವನ್ನೂ ಆಡಿದವನಲ್ಲ. ಗೋಲಿ ಹಿಡಿದವನಲ್ಲ, ಚೆಂಡು ಮುಟ್ಟಿದವನಲ್ಲ, ಕಣ್ಣೆದುರಿಗೆ ಬಸ್ಸು ತಪ್ಪಿಹೋದರೂ ನಾಲ್ಕು ಹೆಜ್ಜೆ ಓಡಿದವನಲ್ಲ. ಆದರೂ ಆಟದ ಹೆಸರಿನಲ್ಲಿ ಒಬ್ಬ ಹುಡುಗನ ಬಾಲ್ಯವನ್ನು ಪೂರ್ತಿಯಾಗಿ ಹಾಳು ಮಾಡಿದ ಕೀರ್ತಿ ಇಡೀ ಅಕ್ಕಿಆಲೂರಿನಲ್ಲಿ ಯಾರಿಗಾದರೂ ಸಲ್ಲಬೇಕಾದರೆ ಅದು ಆತನಿಗೇ! ಹಾಳಾದ ಬಾಲ್ಯ ನನ್ನದೇ ಆದ್ದರಿಂದ ಖಾತ್ರಿಯಾಗಿ ಹೇಳಬಲ್ಲೆ.

ಮಕ್ಕಳಿಗೆ ಆಟ ಕಡ್ಡಾಯ ಮಾಡಬೇಕೋ ಬೇಡವೋ ಎಂದು ಜನ ಚಹಾ ಕುಡಿಯುತ್ತ ಚರ್ಚೆ ಮಾಡುತ್ತಾರೆ. ಮಾಡಲೇಬೇಕು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ಚಿಕ್ಕಂದಿನಲ್ಲಿ ಒಂದು ವಾರ ನಮ್ಮ ದೊಡ್ಡಪ್ಪನ ಕೈಗೆ ಕೊಟ್ಟಿದ್ದರೆ ಆ ಚಹಾ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನನಗೆ ಆರು ವರ್ಷವಿದ್ದಾಗ ಅಪ್ಪ ಕ್ಷಯದಿಂದ ತೀರಿಕೊಂಡ. ಅವ್ವ ನನ್ನನ್ನು ಕರೆದುಕೊಂಡು ಅಪ್ಪನ ಅಣ್ಣನ ಮನೆಗೆ ಬಂದಳು. ಆತನೇ ಈ ದೊಡ್ಡಪ್ಪ. ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅವನಿಗೂ ದೊಡ್ಡವ್ವನಿಗೂ ಮಕ್ಕಳಿರಲಿಲ್ಲ. ಹೀಗಾಗಿ ಒಂದು ಇಡೀ ತಂಡಕ್ಕೆ ಹಂಚಬೇಕಾದ ಕಾಟವನ್ನು ನನಗೊಬ್ಬನಿಗೇ ಕೊಡುವ ಅನುಕೂಲ ಆತನಿಗೆ ಒದಗಿಬಂತು.

ನಸುಕಿನಲ್ಲಿ ಎಬ್ಬಿಸಿ ಗಿರಣಿಗೆ ಅಟ್ಟುತ್ತಿದ್ದ. ಅಲ್ಲಿ ಭತ್ತ ಒಣಹಾಕುವ ಸಿಮೆಂಟಿನ ದೊಡ್ಡ ಅಂಗಳವಿತ್ತು. ಹಮಾಲರು ಬಂದು ಭತ್ತ ಹರಡುವುದರೊಳಗೆ ನಾನು ಅದರ ಸುತ್ತ ಇಪ್ಪತ್ತು ಸಲ ಓಡಿರಬೇಕು. "ಯಾಕ ತಮ್ಮಾ, ಏನು ಕದ್ದು ಓಡಾಕತ್ತೀ?" ಎಂದು ಹಮಾಲರು ನಗುತ್ತಿದ್ದರು. ಕದ್ದಿದ್ದರೆ ಏನಾದರೂ ಕೈಗೆ ಸಿಕ್ಕ ಸಮಾಧಾನವಾದರೂ ಇರುತ್ತಿತ್ತು!

ಓಟ ಮುಗಿಸಿ ಬಂದರೆ ಮನೆಯಲ್ಲಿ ಪರೀಕ್ಷೆ. ನಮ್ಮದು ಕಟ್ಟಾ ಮಡಿಯ ವೈಷ್ಣವರ ಮನೆ. ಅಷ್ಟೊತ್ತಿಗೆ ದೊಡ್ಡಪ್ಪ ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮುಂದೆ ಕುಳಿತಿರುತ್ತಿದ್ದ. ನನ್ನ ಹೆಜ್ಜೆಯ ಸಪ್ಪಳ ಕೇಳಿದ್ದೇ ತಡ, ಅರ್ಧ ಪೂಜೆಯಲ್ಲಿ ಎದ್ದು ಅಂಗಳಕ್ಕೆ ಬರುತ್ತಿದ್ದ. ಬಂದವನು ಬೆರಳನ್ನು ನನ್ನ ಕುತ್ತಿಗೆಯ ಹಿಂದೆ ಎಳೆದು, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ಬೆವರು ಬರದವನಿಗೆ ಸ್ನಾನವಿಲ್ಲ, ಸ್ನಾನವಿಲ್ಲದವನಿಗೆ ಊಟವಿಲ್ಲ ಎಂಬುದು ಆತನ ಕಾಯಿದೆ. ಬಹಳ ದಿನ ತೀರ್ಪು ಒಂದೇ ಇರುತ್ತಿತ್ತು: "ಉಪ್ಪು ಸಾಲದು." ಅಂದರೆ ಇನ್ನೂ ಐದು ಸುತ್ತು.

ಇನ್ನೊಂದು ತಮಾಷೆ ಕೇಳಿ. ಸ್ನಾನವಾಗದ ನನ್ನನ್ನು ಮುಟ್ಟಿದ್ದರಿಂದ ಆತನ ಮಡಿ ಕೆಡುತ್ತಿತ್ತು. ಮತ್ತೆ ಬಾವಿಗೆ ಹೋಗಿ ಎರಡು ಕೊಡ ತಣ್ಣೀರು ಸುರಿದುಕೊಂಡು ಬಂದು ಪೂಜೆ ಮುಂದುವರಿಸಬೇಕು. ಇವನ ಬೆವರು ನೋಡಿ ಆಮೇಲೆ ಸ್ನಾನಕ್ಕೆ ಹೋದರೆ ಏನು ಗಂಟು ಹೋಗುತ್ತದೆ ಎಂದು ದೊಡ್ಡವ್ವ ದಿನವೂ ಕೇಳುತ್ತಿದ್ದಳು. ಆತ ದಿನವೂ ಕಿವುಡನಾಗುತ್ತಿದ್ದ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ?

ನಾನೂ ಸುಮ್ಮನೆ ಕೂಡಲಿಲ್ಲ. ಒಂದು ದಿನ ಗಿರಣಿಯ ಮೂಲೆಯಲ್ಲಿ ಹಾಯಾಗಿ ಕುಳಿತು, ಕುತ್ತಿಗೆಗೆ ನೀರು ಚಿಮುಕಿಸಿಕೊಂಡು ಬಂದೆ. ದೊಡ್ಡಪ್ಪ ರುಚಿ ನೋಡಿದ. ಇದು ನೀರು ಎಂದ. ಅಷ್ಟೇ ಅಲ್ಲ, ನಮ್ಮ ಬಾವಿಯದಲ್ಲ, ಗಿರಣಿ ಬಾವಿಯದು ಎಂದ! ಮರುದಿನ ಅಡುಗೆಮನೆಯಿಂದ ಉಪ್ಪು ಕದ್ದೊಯ್ದು ನೀರಲ್ಲಿ ಕರಗಿಸಿ ಹಚ್ಚಿಕೊಂಡೆ. ಆತ ಚಪ್ಪರಿಸಿ, ಒಳಗಿದ್ದ ದೊಡ್ಡವ್ವನಿಗೆ ಕೇಳುವಂತೆ, "ಇಲ್ಲೆ ಬಂದು ನೋಡು. ಮಜ್ಜಿಗಿ ಮೆಣಸಿನಕಾಯಿಗೆ ಉಪ್ಪು ಹಿಂಗ ಬೀಳಬೇಕು" ಎಂದ. ಅವತ್ತು ನಲವತ್ತು ಸುತ್ತು ಓಡಿದೆ.

ಏಕಾದಶಿಯ ದಿನ ಮಾತ್ರ ದೇವರು ನನ್ನ ಕಡೆ ಇರುತ್ತಿದ್ದ. ಹಿರಿಯರಿಗೆ ಅಂದು ನಿರಾಹಾರ. ನನ್ನ ಬೆವರು ನಾಲಿಗೆಗೆ ತಾಗಿದರೆ ಉಪವಾಸ ಕೆಡುತ್ತದಲ್ಲ! ದೊಡ್ಡಪ್ಪ ಕುತ್ತಿಗೆ ಮುಟ್ಟಿ ನೋಡಿ, ಅನುಮಾನದಿಂದಲೇ ಬಿಟ್ಟುಬಿಡುತ್ತಿದ್ದ. ಆದರೆ ಮರುದಿನ ದ್ವಾದಶಿಗೆ ಸೂರ್ಯ ಹುಟ್ಟುವ ಹೊತ್ತಿಗೇ ಊಟ. ಅಷ್ಟರೊಳಗೆ ಬೆವರು ಬರಬೇಕೆಂದು ಇನ್ನೂ ಕತ್ತಲಿರುವಾಗಲೇ ಎಬ್ಬಿಸಿ, ಹಿಂದಿನ ದಿನದ ಉಪ್ಪನ್ನೂ ಬಡ್ಡಿ ಸಮೇತ ತೆಗೆಯುತ್ತಿದ್ದ.

ಇಷ್ಟರ ತನಕ ನಕ್ಕು ಬಿಡಬಹುದು. ಮುಂದಿನದಕ್ಕೆ ನನಗೆ ಇವತ್ತಿಗೂ ನಗು ಬರುವುದಿಲ್ಲ.

ನನಗೆ ಬರುತ್ತಿದ್ದುದು ಒಂದೇ ವಿದ್ಯೆ, ಚಿತ್ರ ಬರೆಯುವುದು. ಎತ್ತು ಬರೆದರೆ ಎತ್ತೇ ಕಾಣುತ್ತಿತ್ತು. ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮಾಸ್ತರರು ತಾವೇ ಫಾರಮ್ಮು ತುಂಬಿ ನನ್ನನ್ನು ಡ್ರಾಯಿಂಗ್ ಪರೀಕ್ಷೆಗೆ ಕೂರಿಸಲು ಹೊರಟರು. ಮುಂದೆ ಚಿತ್ರಕಲಾ ಶಾಲೆಗೆ ಹೋಗಬೇಕಾದರೆ ಅದೇ ಮೊದಲ ಮೆಟ್ಟಿಲು. ತಮ್ಮ ಸ್ವಂತ ಕುಂಚವನ್ನೇ ನನಗೆ ಕೊಟ್ಟಿದ್ದರು. ಪರೀಕ್ಷೆ ಹಾನಗಲ್ಲಿನಲ್ಲಿ. ಅದೇ ದಿನ ಹಿರೇಕೆರೂರಿನಲ್ಲಿ ಖೋ ಖೋ ಪಂದ್ಯ. ದೊಡ್ಡಪ್ಪ ಯಾರ ಕೈಕಾಲು ಹಿಡಿದಿದ್ದನೋ ಏನೋ, ಶಾಲೆಯ ತಂಡದಲ್ಲಿ ನನ್ನ ಹೆಸರು ಸೇರಿಸಿಬಿಟ್ಟಿದ್ದ!

ನಾನು ಅತ್ತೆ. ಕಂಬ ಹಿಡಿದು ಕುಳಿತೆ. ಯಾವತ್ತೂ ಭಾವನ ಎದುರು ಬಾಯಿ ತೆರೆಯದ ಅವ್ವ ಅಂದು ಬಾಗಿಲ ಹಿಂದೆ ನಿಂತು, ಒಂದು ದಿನ ಬಿಟ್ಟುಬಿಡಿ, ಪರೀಕ್ಷೆ ಬರೆಯಲಿ ಎಂದಳು.

"ನಿನ್ನ ಗಂಡನೂ ಹಿಂಗ ಕಾಗದದ ಮ್ಯಾಲೆ ಬಗ್ಗಿ ಕೂತಕೂತ ಎದಿ ಸುಟಗೊಂಡ ಹೋದ" ಎಂದ ದೊಡ್ಡಪ್ಪ. "ಇವನ್ನ ನಾ ಕೂಡಗೊಡೂದಿಲ್ಲ."

ಅವ್ವ ಒಳಗೆ ಹೋದಳು. ಕ್ಷಯಕ್ಕೂ ಖೋ ಖೋಗೂ ಏನು ಸಂಬಂಧ ಎಂದು ಕೇಳುವಷ್ಟು ಬುದ್ಧಿ ನನಗಾಗ ಇರಲಿಲ್ಲ, ಕೇಳುವವರು ಬೇರೆ ಯಾರೂ ಇರಲಿಲ್ಲ. ಹಾನಗಲ್ಲಿನ ಬಸ್ಸು ಒಂದು ಕಡೆ ಹೋಯಿತು, ನಾನು ಕುಳಿತ ಬಸ್ಸು ಇನ್ನೊಂದು ಕಡೆ. ಹಿರೇಕೆರೂರಿನಲ್ಲಿ ನಾನು ಆಡಿದ ಆಟವೇನು ಗೊತ್ತೇ? ಆಡುವ ಒಂಬತ್ತು ಹುಡುಗರ ಚಪ್ಪಲಿ ಕಾಯ್ದದ್ದು! ಸಂಜೆಯವರೆಗೆ ಕುಳಿತು ಕಾಯ್ದೆ. ಮೈಯಲ್ಲಿ ಒಂದು ಹನಿ ಬೆವರು ಬರಲಿಲ್ಲ. ಊರಿಗೆ ಬಂದು ಮಾಸ್ತರರಿಗೆ ಕುಂಚ ವಾಪಸು ಕೊಟ್ಟೆ. ಅವರು ತೆಗೆದುಕೊಂಡು ಕಪಾಟಿನಲ್ಲಿಟ್ಟರು. ಮತ್ತೆ ನಾನು ಪೆನ್ಸಿಲ್ ಹಿಡಿಯಲಿಲ್ಲ. ಎತ್ತು ಬರೆಯಬೇಕಾಗಿದ್ದ ಕೈ ಸವಣೂರಿನ ಅಂಚೆ ಕಚೇರಿಯಲ್ಲಿ ಮೊಹರು ಹೊಡೆಯಲು ಕುಳಿತಿತು. ಮೊಹರು ಹೊಡೆಯುವಾಗೆಲ್ಲ ದೊಡ್ಡಪ್ಪನ ನೆನಪಾಗಿ ಏಟು ಜೋರಾಗಿಯೇ ಬೀಳುತ್ತಿತ್ತು.

ಹತ್ತಾರು ವರ್ಷ ಕಳೆದ ಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿತ್ತು. ದಿನವೂ ನಡೆಸಿರಿ, ಇಲ್ಲವಾದರೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಈ ಮಹಾಶಯ ಏಳಲೊಲ್ಲ! ದೊಡ್ಡವ್ವ ಬೇಡಿಕೊಂಡಳು, ಅವ್ವ ಅತ್ತಳು. ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾನು ರಜೆ ಹಾಕಿ ಬಂದೆ. ದೇವರ ಪೂಜೆ ನನ್ನ ಪಾಲಿಗೆ ಬಂದಿತ್ತು. ಸ್ನಾನ ಮಾಡಿ, ಆತನದೇ ಮಡಿ ಉಟ್ಟು ಕುಳಿತಿದ್ದಾಗ ಪಡಸಾಲೆಯಿಂದ ಆತನ ಅರ್ಧ ಬಾಯಿಯ ತೊದಲು ಕೇಳಿಸಿತು: "ನನಗ ಯಾರೂ ಒತ್ತಾಯ ಮಾಡಬ್ಯಾಡ್ರಿ."

ಒತ್ತಾಯ! ಆ ಶಬ್ದ ಆತನ ಬಾಯಲ್ಲಿ! ನನ್ನ ನೆತ್ತಿಗೇರಿದ ಸಿಟ್ಟು ಗಂಟೆ, ಆರತಿ ಎಲ್ಲವನ್ನೂ ಮರೆಸಿತು. ಅರ್ಧ ಪೂಜೆಯಲ್ಲಿ ಎದ್ದು ಹೋಗಿ ಮಂಚದ ಮುಂದೆ ನಿಂತೆ.

"ಹಿರೇಕೆರೂರಿಗೆ ಎಳಕೊಂಡು ಹೋದಾಗ ನನ್ನ ಕೇಳಿದ್ದೇನು?" ಎಂದೆ. "ಇವತ್ತು ಬೆವರು ಬರೂತನಕ ನಿನಗ ಊಟಿಲ್ಲ. ಏಳು."

ದೊಡ್ಡವ್ವ ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದಳು. ಆತ ಗೋಡೆಯಿಂದ ನನ್ನ ಕಡೆ ಮುಖ ತಿರುಗಿಸಿದ. ಆಮೇಲೆ ಎಡಗೈ ಗೋಡೆಗೆ ಊರಿದ. ಮಂಚದಿಂದ ತುಳಸಿಕಟ್ಟೆಗೆ ಹನ್ನೊಂದು ಹೆಜ್ಜೆ. ಬಲಗಾಲು ನೆಲ ಒರೆಸುತ್ತ ಹಿಂದೆ ಹಿಂದೆ ಬಂತು. ನಾನು ಕೈ ಕೊಡಲಿಲ್ಲ, ಪಕ್ಕದಲ್ಲೇ ನಡೆದೆ. ತುಳಸಿಕಟ್ಟೆ ಹಿಡಿದು ನಿಂತಾಗ ಆತನ ಕುತ್ತಿಗೆ ತೊಯ್ದು ಹೊಳೆಯುತ್ತಿತ್ತು. ನಾನು ಬೆರಳು ಎಳೆದು ನಾಲಿಗೆಗೆ ಮುಟ್ಟಿಸಿಕೊಂಡೆ. ತಾಟು ಹಾಕಲು ಅವ್ವನಿಗೆ ಹೇಳಿದೆ.

"ಮಡಿ ಕೆಟ್ಟಿತಲ್ಲೋ" ಎಂದಳು ದೊಡ್ಡವ್ವ.

ಬಾವಿಗೆ ಹೋಗಿ ಮೊದಲ ಕೊಡ ಸುರಿದುಕೊಂಡೆ. ಪುಷ್ಯ ಮಾಸದ ನೀರು, ಎಲುಬಿಗೇ ಇಳಿಯಿತು. ದಿನಕ್ಕೆರಡು ಕೊಡದಂತೆ ಹತ್ತು ವರ್ಷ ಈ ನೀರನ್ನು ಆತ ಸುರಿದುಕೊಂಡಿದ್ದ. ಬೆಳಗಿನ ಹೊತ್ತು ಆ ಮನೆಯಲ್ಲಿ ಅವ್ವನದು ಅಡುಗೆಯ ಮಡಿ, ದೊಡ್ಡವ್ವನದು ಹೂವು ನೈವೇದ್ಯದ ಮಡಿ. ದೂರ ನಿಲ್ಲು, ಮುಟ್ಟಬೇಡ ಎಂಬ ಮಾತನ್ನು ಬಿಟ್ಟರೆ ನನಗೆ ಬೇರೇನೂ ಕೇಳುತ್ತಿರಲಿಲ್ಲ. ಅಪ್ಪನಿಲ್ಲದ ಹುಡುಗನನ್ನು ಎದ್ದು ಬಂದು ಮುಟ್ಟುತ್ತಿದ್ದವನು ಆತನೊಬ್ಬನೇ. ಪರೀಕ್ಷೆ ತಪ್ಪಿಸಿದ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಎರಡನೆಯ ಕೊಡ ಎತ್ತಿ ಹಿಡಿದವನು ಸುರಿದುಕೊಳ್ಳದೆ ಅಳುತ್ತ ನಿಂತುಬಿಟ್ಟೆ.

ತುಳಸಿಕಟ್ಟೆಯ ಕಡೆಯಿಂದ ತೊದಲು ದನಿ ಬಂತು. "ಉಪ್ಪು ಸಾಕಾತೇನೋ?"

"ಸಾಲದು" ಎಂದೆ. "ನಾಳೆ ಮತ್ತ ನೋಡ್ತೇನಿ."