ಮಂದಾಕಿನಿಯವರ ಕೊನೆಯಿಲ್ಲದ ರಂಗೋಲಿ

"ಇನ್ನು ಮುಂದೆ ಟೈಪ್ ಮಾಡೋ ಕಾಟವೇ ಇಲ್ಲ ಕಣೇ!" ಎಂದು ಪಟ್ಟಾಭಿರಾಮಯ್ಯ ಮೇಷ್ಟ್ರು ಸೀಮೆಸುಣ್ಣ ಹಿಡಿದು ಕಾಲೇಜಿನ ಫಿಸಿಕ್ಸ್ ಲ್ಯಾಬಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

ಪಕ್ಕದಲ್ಲಿ ಅವರ ಹೊಸ ಯಂತ್ರ ನಿಂತಿತ್ತು. ನಾಲ್ಕು ಚಕ್ರ, ಎರಡು ಕೈ, ನೆಲ ನೋಡುವ ಒಂದು ಕ್ಯಾಮೆರಾ ಕಣ್ಣು. ಮೇಷ್ಟ್ರು ಎರಡು ಚುಕ್ಕಿ ಇಟ್ಟರು. "ಒಂದು ಚುಕ್ಕಿ ಪಂಪು, ಇನ್ನೊಂದು ಹೀಟರ್. ಗೆರೆ ಎಳೆದರೆ ಅದೇ ಪ್ರೋಗ್ರಾಂ!" ಯಂತ್ರ ಗೆರೆ ನೋಡಿತು, ಸರಸರನೆ ಹೋಗಿ ಪಂಪ್ ಹಾಕಿತು, ನೀರು ತುಂಬಿದೊಡನೆ ಹೀಟರ್ ಹಾಕಿತು. ಗೆರೆ ಮುಗಿದಲ್ಲಿ ಎಲ್ಲವನ್ನೂ ಆರಿಸಿ ನಿಂತಿತು.

ಅದೇ ಕಾಲೇಜಿನಲ್ಲಿ ಅದೇ ಫಿಸಿಕ್ಸ್ ಹೇಳಿಕೊಡುವ ಹೆಂಡತಿ ಮಂದಾಕಿನಿಯವರು ಮೂಗು ಮುರಿದರು. "ರೀ, ನಾನು ಟೈಪ್ ಮಾಡೋ ಪ್ರೋಗ್ರಾಂನಲ್ಲಿ ತಪ್ಪಿದ್ರೆ ಯಾವ ಸಾಲು ಅಂತ ಬೆರಳಿಟ್ಟು ತೋರಿಸಬಹುದು. ಬಿಟ್ಟಿ ಸಿಗುತ್ತೆ, ಯಾರು ಬೇಕಾದ್ರೂ ತಿದ್ದಬಹುದು. ನಿಮ್ಮ ಈ ಗೀಚಾಟದಲ್ಲಿ ತಪ್ಪು ಹುಡುಕೋದೆಲ್ಲಿ?"

"ತಪ್ಪಾದ್ರೆ ತಾನೇ ಹುಡುಕೋದು!"

ಜಗಳಕ್ಕೆ ಹೊತ್ತಿರಲಿಲ್ಲ. ಇನ್ನೇನು ತಪಾಸಣೆಯ ಸಮಿತಿ ಬರಲಿತ್ತು. ಅವರಿಗೆ ಒಪ್ಪಿಗೆಯಾಗದಿದ್ದರೆ ಲ್ಯಾಬ್ ಮುಚ್ಚಿ ಅಲ್ಲಿ ಮುರಿದ ಬೆಂಚುಗಳನ್ನು ತುಂಬುವುದೆಂದು ಪ್ರಿನ್ಸಿಪಾಲರು ಆಗಲೇ ಹೇಳಿಬಿಟ್ಟಿದ್ದರು. ಗಂಡಹೆಂಡತಿ ಇಬ್ಬರೂ ಜಗಳವಾಡುತ್ತ ಸಂಸಾರ ಮಾಡಿದ್ದೇ ಈ ಲ್ಯಾಬಿನಲ್ಲಿ!

ಅತಿಥಿಗಳು ಬರುವಾಗ ಬಾಗಿಲು ಬೋಳಾಗಿದ್ದರೆ ಮಂದಾಕಿನಿಯವರ ಮನಸ್ಸು ಒಪ್ಪದು. ಬೆಳಿಗ್ಗೆಯೇ ಪ್ರಿನ್ಸಿಪಾಲರ ಕೋಣೆಯ ಮುಂದೆ ರಂಗೋಲಿ ಹಾಕಿದ್ದರು. ಈಗ ಲ್ಯಾಬಿನ ಬಾಗಿಲಿಗೂ ಅಂಥದೇ ಒಂದು ಹಾಕಿದರು: ಚುಕ್ಕಿಗಳನ್ನು ಬಳಸಿ ಬಳಸಿ ಹೋಗಿ, ಹೊರಟಲ್ಲಿಗೇ ಬಂದು ಸೇರುವ ಎಳೆ ರಂಗೋಲಿ.

ಸಮಿತಿಯ ಅಧ್ಯಕ್ಷ ಶಾಂತವೀರಪ್ಪನವರು ಒಳಗೆ ಕಾಲಿಟ್ಟರು. ಯಂತ್ರದ ಕಣ್ಣು ರಂಗೋಲಿಯ ಮೇಲೆ ಬಿತ್ತು! ಒಂದೊಂದು ಚುಕ್ಕಿಗೂ ಲ್ಯಾಬಿನ ಒಂದೊಂದು ಉಪಕರಣ ಹಾಕತೊಡಗಿತು.

ಪಂಪು ಓಡಿತು. ಹೀಟರ್ ಕಾಯಿತು. ಫ್ಯಾನು ತಿರುಗಿ ಅಧ್ಯಕ್ಷರ ಶಾಲನ್ನು ಎಳೆದುಕೊಂಡಿತು. ಸ್ಪೀಕರ್ ಕುಂಯ್ಯೋ ಎಂದು ಊಳಿಟ್ಟಿತು. ಒಂದು ಸುತ್ತು ಮುಗಿಯಿತು, ಮತ್ತೆ ಪಂಪು!

"ನಿಲ್ಲಿಸ್ರೀ ಅದನ್ನ! ಆಫ್ ಸ್ವಿಚ್ ಎಲ್ಲಿ?" ಮಂದಾಕಿನಿಯವರು ಕೂಗಿದರು.

"ಸ್ವಿಚ್ ಇಲ್ಲ ಕಣೇ! ಗೆರೆ ಮುಗಿದರೆ ತಾನಾಗೇ ನಿಲ್ಲುತ್ತೆ!"

"ನನ್ನ ರಂಗೋಲಿ ಎಲ್ಲಿ ಮುಗಿಯುತ್ತೆ, ನನ್ನ ಕರ್ಮ!"

ಪ್ರಿನ್ಸಿಪಾಲರು ಬೂಟುಗಾಲಲ್ಲಿ ರಂಗೋಲಿ ಉಜ್ಜಿದರು. ಗೆರೆ ದಪ್ಪವಾಯಿತು. ಯಂತ್ರ ಇನ್ನೂ ಜೋರಾಗಿ ಓಡಿತು. ಪಂಪಿನ ಪೈಪು ಕಿತ್ತುಬಂದು ಅಧ್ಯಕ್ಷರಿಗೆ ತಲೆಯಿಂದ ಕಾಲಿನವರೆಗೆ ಸ್ನಾನವಾಯಿತು.

ಮಂದಾಕಿನಿಯವರು ಸೆರಗು ಸಿಕ್ಕಿಸಿ ನೀರಿನಲ್ಲೇ ಕೂತರು. ಚಿತ್ರದಲ್ಲಿ ಪ್ರೋಗ್ರಾಂ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದವರು ಬೆರಳಲ್ಲಿ ಒಂದು ಸುತ್ತನ್ನು ಅಳಿಸಿ, ರಂಗೋಲಿ ಪುಡಿಯಿಂದ ಹೊಸಿಲಿನ ಆಚೆಗೆ ಒಂದು ಗೆರೆ ಎಳೆದರು. ಯಂತ್ರ ಎಲ್ಲವನ್ನೂ ಆರಿಸಿತು. ಆಮೇಲೆ ಆ ಗೆರೆ ಹಿಡಿದು ಗಂಭೀರವಾಗಿ ಹೊರಗೆ ನಡೆಯಿತು.

"ಈ ಪ್ರೋಗ್ರಾಂ ಯಾರದ್ದು?" ಅಧ್ಯಕ್ಷರು ಮುಖ ಒರೆಸಿಕೊಳ್ಳುತ್ತ ಕೇಳಿದರು.

"ನನ್ನ ಹೆಂಡತೀದು ಸಾರ್!" ಮೇಷ್ಟ್ರಿಗೆ ಹೆಮ್ಮೆಯೋ ಹೆಮ್ಮೆ.

"ಲ್ಯಾಬ್ ಮುಚ್ಚೋ ಮಾತೇ ಬೇಡ. ಅದನ್ನ ನಿಲ್ಲಿಸೋಕೆ ಗೊತ್ತಿರೋದು ಈ ತಾಯಿಗೊಬ್ರಿಗೇ!" ಎಂದರು ಅಧ್ಯಕ್ಷರು.

ಅಷ್ಟರಲ್ಲಿ ಕಾರಿಡಾರಿನ ತುದಿಯಿಂದ ಕಾಲೇಜಿನ ಗಂಟೆ, ಸೈರನ್ನು, ಮೈಕು ಎಲ್ಲ ಸರದಿಯಂತೆ ಕೂಗತೊಡಗಿದವು. ಯಂತ್ರ ಪ್ರಿನ್ಸಿಪಾಲರ ಬಾಗಿಲಿನ ರಂಗೋಲಿ ತಲುಪಿತ್ತು.

ಮಂದಾಕಿನಿಯವರು ರಂಗೋಲಿ ಡಬ್ಬಿ ಹಿಡಿದು ಮೇಲೆದ್ದರು.

"ಟೈಪ್ ಮಾಡಿದ್ರೆ ಸೊಂಟನಾದ್ರೂ ಉಳೀತಿತ್ತು ಕಣ್ರೀ."