ಎದುರುಮನೆಯ ನಿವೃತ್ತಿ

ಎಲ್ಲಕ್ಕೂ ಮೂಲ ಎದುರುಮನೆಯವನ ಪಾದಗಳು.

ಸೋಮವಾರ ಬೆಳಿಗ್ಗೆ ಅಳತೆಗಾರ ಒಂದು ಕಾಲಿಗೆ ಕಾಲುಚೀಲ ಏರಿಸಿ, ಇನ್ನೊಂದನ್ನು ಹುಡುಕುತ್ತ ಬಾಲ್ಕನಿಗೆ ಬಂದ. ಅಂಗಳದ ಆಚೆ ಬದಿಯ ಬಾಲ್ಕನಿಯಲ್ಲಿ, ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕೆ, ಎರಡು ಬರಿಗಾಲುಗಳು ಕಂಬಿಯ ಮೇಲೆ ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಯಾವುದೋ ಹಾಡಿಗೆ ತಾಳ ಹಾಕುವಂತೆ ಹೆಬ್ಬೆರಳು ಆಗಾಗ ಅಲ್ಲಾಡುತ್ತಿತ್ತು. ಪಾದಗಳ ಹಿಂದೆ ಕಾಫಿ ಲೋಟ. ಲೋಟದ ಹಿಂದೆ ಗಾಜಿನ ಸಾಹೇಬ.

ಕಿಟಕಿ ಗಾಜಿನ ಕಂಪನಿಯೊಂದರಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು. ವಯಸ್ಸು ಅಳತೆಗಾರನದೇ, ಐವತ್ತಕ್ಕೆ ಇನ್ನೂ ದೂರ. ಆರೇಳು ತಿಂಗಳ ಹಿಂದೆ ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ದುಡಿದಿದ್ದು ಸಾಕಪ್ಪ, ನಿವೃತ್ತಿ ತಗೊಂಡೆ" ಎಂದು ಹೇಳಿಬಿಟ್ಟಿದ್ದ. ಅಂದಿನಿಂದ ಆ ಪಾದಗಳು ಕಂಬಿ ಏರಿದ್ದವು. ಅಂದಿನಿಂದ ಅಳತೆಗಾರನ ಹೊಟ್ಟೆ ಸಾಸಿವೆ ಹಾಕಿದರೆ ಚಟಪಟ ಎನ್ನುವಷ್ಟು ಕಾದಿತ್ತು.

ಅದೂ ಎಂಥ ಜಾಗದಲ್ಲಿ ನಿವೃತ್ತಿ! ಹಿಂದೆ ಗುಡ್ಡ, ಗುಡ್ಡದ ತುಂಬ ಬಂಗಲೆ. ಬಂಗಲೆಯವರಿಗೆ ತಕ್ಕ ಬೆಲೆ ಕೆಳಗಿನ ಅಂಗಡಿಗಳಲ್ಲಿ. ಈ ಬೀದಿಯಲ್ಲಿ ನಿಂಬೆಹಣ್ಣನ್ನು ಕೂಡ ಜನ ಚಿನ್ನದ ಬಳೆಯಂತೆ ತಿರುಗಿಸಿ ತಿರುಗಿಸಿ ನೋಡಿ, ನಿಟ್ಟುಸಿರುಬಿಟ್ಟು ವಾಪಸು ಇಡುತ್ತಿದ್ದರು. ಅಳತೆಗಾರ ಒಂದು ಪರದೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವೂ ಏಣಿಯನ್ನು ಕಾರಿಗೆ ಹೇರಿಕೊಂಡು ಬಂಗಲೆಗಳಿಗೆ ಹೋಗಿ ಕಿಟಕಿ ಅಳೆದುಬರುವುದು ಅವನ ಕೆಲಸ. ಅಷ್ಟು ಚೆಂದದ ನೋಟ ಕೊಂಡುಕೊಂಡವರು ಅದನ್ನು ಮುಚ್ಚುವುದಕ್ಕೆ ಮತ್ತೆ ದುಡ್ಡು ಸುರಿಯುತ್ತಾರಲ್ಲ ಎಂದು ಉರಿದುಕೊಳ್ಳುವುದು ಆ ಕೆಲಸದ ಜೊತೆಗೇ ಬಂದದ್ದು. ಆದರೆ ಬಂಗಲೆಯವರು ಎಷ್ಟೆಂದರೂ ದೂರದವರು. ಎದುರುಮನೆಯವ ಕಣ್ಣೆದುರಿನವ.

"ನಮಸ್ಕಾರ! ಹೊರಟ್ರಾ ಕೆಲಸಕ್ಕೆ?" ಪಾದಗಳ ಹಿಂದಿನಿಂದ ದನಿ ಬಂತು.

"ಹೂಂ. ಹೊರಡ್ಲೇಬೇಕಲ್ಲ ನಮ್ಮಂಥವರು," ಎಂದ ಅಳತೆಗಾರ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟ. "ಅಲ್ಲಾ ಸಾಹೇಬ್ರೇ, ಈ ಏರಿಯಾದಲ್ಲಿ ಇದ್ಕೊಂಡು ಇಷ್ಟು ಬೇಗ ನಿವೃತ್ತಿ... ಅದು ಹೇಗೆ ಸಾಧ್ಯ ಆಯ್ತು?"

ಗಾಜಿನ ಸಾಹೇಬ ಒಂದು ಕ್ಷಣ ಲೋಟದೊಳಕ್ಕೆ ನೋಡಿದ. "ಏನಿಲ್ಲ. ಖರ್ಚು ಕಡಿಮೆ ಮಾಡ್ಕೊಂಡ್ವಿ. ಕಾರು ಮಾರಿದೆ. ಕೆಲಸದವಳನ್ನ ಬಿಡಿಸಿದ್ವಿ. ತಲೆಗೂದಲು ಮನೇಲೇ ಕತ್ತರಿಸ್ಕೋತೀನಿ. ಅಭ್ಯಾಸ ಆದ್ರೆ ಎಲ್ಲಾ ನಡೆಯುತ್ತೆ ಬಿಡಿ."

ಇಷ್ಟೇನಾ ಎನಿಸಿತು ಅಳತೆಗಾರನಿಗೆ. ಒಳಗೆ ಬಂದರೆ ಹೆಂಡತಿ ಹಲ್ಲಿನ ವೈದ್ಯರ ದವಾಖಾನೆಗೆ ಹೊರಡುವ ಅವಸರದಲ್ಲಿದ್ದಳು. ಅಲ್ಲಿ ಅವಳದು ರೋಗಿಗಳ ಬಾಯಿ ತೊಳೆಸುವ ಕೆಲಸ. ಮನೆಯಲ್ಲಿ ಗಂಡನ ಬಾಯಿ ಮುಚ್ಚಿಸುವ ಕೆಲಸ.

"ನೋಡ್ತಿರು, ನಾನೂ ಇವತ್ತಿಂದ ಖರ್ಚು ಕಡಿಮೆ ಮಾಡ್ತೀನಿ. ಅವನಿಗಿಂತ ಜಾಸ್ತಿ ಕಡಿಮೆ ಮಾಡ್ತೀನಿ," ಎಂದ.

"ಜಾಸ್ತಿ ಕಡಿಮೆ ಅಂದ್ರೆ ಏನ್ರೀ? ಮೊದಲು ಇನ್ನೊಂದು ಕಾಲುಚೀಲ ಹುಡುಕಿ," ಎಂದು ಅವಳು ಬಾಗಿಲು ಎಳೆದುಕೊಂಡು ಹೋದಳು. ಹೋಗುವ ಮುನ್ನ ಎದುರು ಬಾಲ್ಕನಿಯತ್ತ ಒಮ್ಮೆ ನೋಡಿ, "ಏನೇ ಹೇಳಿ, ಅವರ ಹೆಂಡತಿ ಪುಣ್ಯವಂತೆ," ಎಂದದ್ದು ಅಳತೆಗಾರನ ಕಿವಿಗೆ ಬಿತ್ತು.

ಅಷ್ಟು ಸಾಕಾಯಿತು. ಅವನು ಕಾಲುಚೀಲ ಬಿಟ್ಟು ಕತ್ತರಿ ಹುಡುಕಿದ.

ಎಷ್ಟು ಅಗಲದ ಬಟ್ಟೆಯನ್ನಾದರೂ ಒಂದೆಳೆ ಆಚೀಚೆಯಾಗದಂತೆ ಕತ್ತರಿಸುವ ಕೈ ಅವನದು. ಆದರೆ ಬಟ್ಟೆಯ ಹಿಂಭಾಗ ಕಾಣುತ್ತದೆ, ತಲೆಯದು ಕಾಣುವುದಿಲ್ಲ. ಬಲಗಡೆ ತುಸು ಜಾಸ್ತಿ ಹೋಯಿತೆಂದು ಎಡಗಡೆ ತೆಗೆದ. ಎಡಗಡೆ ಜಾಸ್ತಿಯಾಯಿತೆಂದು ಮತ್ತೆ ಬಲಗಡೆ. ಎರಡೂ ಕಡೆ ರಾಜಿಯಾಗುವಷ್ಟರಲ್ಲಿ ಹಿಂದುಗಡೆ ಇಲಿ ತಿಂದ ಕಂಬಳಿಯಂತಾಗಿತ್ತು. ಅಟ್ಟದಿಂದ ಉಣ್ಣೆಯ ಟೋಪಿ ತೆಗೆದು ಕಿವಿಯವರೆಗೆ ಎಳೆದುಕೊಂಡ. ಹೊರಗೆ ಬಿಸಿಲು ಆಗಲೇ ಕಾವಲಿಯಂತೆ ಕಾಯುತ್ತಿತ್ತು.

ಬಾಗಿಲು ತೆರೆದರೆ ಕೆಲಸದವಳು ನಿಂತಿದ್ದಳು.

"ನಾಳೆಯಿಂದ ಬರೋದು ಬೇಡಮ್ಮ," ಎಂದ. "ಖರ್ಚು ಕಡಿಮೆ ಮಾಡ್ತಾ ಇದ್ದೀವಿ."

ಅವಳು ಟೋಪಿ ನೋಡಿದಳು, ಬೆವರು ನೋಡಿದಳು. "ಅಯ್ಯೋ ಅಣ್ಣಾ," ಎಂದಷ್ಟೇ ಹೇಳಿ, ನೆಟ್ಟಗೆ ಕೆಳಮನೆಗೆ ಇಳಿದಳು. ಕೆಳಮನೆಯಲ್ಲಿ ಇದ್ದವಳು ಡಂಗುರದತ್ತೆ. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಆ ಮನೆಯವರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು.

ಕಾರಿಗೆ ಪೆಟ್ರೋಲು ಯಾಕೆ ಸುಡಬೇಕೆಂದು ಅಳತೆಗಾರ ಮಡಿಸುವ ಏಣಿಯನ್ನು ಹೆಗಲಿಗೇರಿಸಿ ನಡೆದೇ ಹೊರಟ. ಡಂಗುರದತ್ತೆ ಗೇಟಿನಲ್ಲೇ ನಿಂತಿದ್ದಳು.

"ಏನಪ್ಪಾ, ಕಾರು?"

"ಕಾರು ಇರ್ಲಿ ಬಿಡಿ ಅತ್ತೆ. ಇನ್ಮೇಲೆ ನಡಿಗೆನೇ."

"ಏಣಿ ಎಲ್ಲಿಗೆ?"

ಟೋಪಿಯೊಳಗಿಂದ ಅವನಿಗೆ ಸರಿಯಾಗಿ ಕೇಳಿಸಲಿಲ್ಲ. "ಹೂಂ ಹೂಂ," ಎಂದು ತಲೆಯಾಡಿಸಿ ಮುಂದೆ ಹೋದ. ಡಂಗುರದತ್ತೆ ಕೆಲಸದವಳ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಏಣಿ ಮಾರೋಕೆ ಹೊರಟಿದ್ದಾನೆ ಕಣೇ. ಕೆಲಸ ಹೋಗಿರಬೇಕು."

ಗುಡ್ಡದ ದಾರಿ ಕಾರಿನಲ್ಲಿ ಇಷ್ಟು ಉದ್ದ ಇರಲಿಲ್ಲ. ಬಂಗಲೆ ತಲುಪುವಾಗ ಅಳತೆಗಾರನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಬಂಗಲೆಯ ಒಡತಿ ತಣ್ಣನೆಯ ಪಾನಕ ಕೊಟ್ಟಳು. ಬಿಟ್ಟಿ ಸಿಕ್ಕಿದ್ದನ್ನು ಬಿಡಬಾರದೆಂದು ಮೂರು ಲೋಟ ಕುಡಿದ. ತಟ್ಟೆಯಲ್ಲಿದ್ದ ಬಿಸ್ಕತ್ತುಗಳಲ್ಲಿ ಎರಡು ತಿಂದು, ಮಧ್ಯಾಹ್ನದ ಊಟಕ್ಕೆಂದು ಉಳಿದವನ್ನು ಆಕೆ ಅತ್ತ ತಿರುಗಿದಾಗ ಅಂಗಿಯ ಜೇಬಿಗೆ ಸೇರಿಸಿದ. ಮೊದಲಿಂದಲೂ ಈ ಲೆಕ್ಕದಲ್ಲಿ ಹೋಗಿದ್ದರೆ ಎದುರುಮನೆಯವನಿಗಿಂತ ಮೊದಲೇ ಕಾಲು ಕಂಬಿ ಏರಬಹುದಿತ್ತು ಎಂದು ಹಳೆಯ ದಿನಗಳ ಬಗ್ಗೆ ಪಶ್ಚಾತ್ತಾಪವೂ ಆಯಿತು.

ಹಜಾರದ ಕಿಟಕಿ ಎತ್ತರದ್ದು. ಅವನು ಏಣಿಯ ತುದಿಗೇರಿ, ಟೇಪನ್ನು ಮೇಲಿನ ಮೂಲೆಗೆ ಹಿಡಿದು ಬಾಗಿದ. ಜೇಬು ಕಿಟಕಿಯ ಚೌಕಟ್ಟಿಗೆ ಒತ್ತಿತು. ಬಿಸ್ಕತ್ತು ಪುಡಿಪುಡಿಯಾಗಿ ಒಡತಿಯ ಬಿಳಿ ರತ್ನಗಂಬಳಿಯ ಮೇಲೆ ಸುರಿಯತೊಡಗಿತು.

"ಅದೇನು ಬೀಳ್ತಿರೋದು? ಗೋಡೆ ಗಾರೆನಾ?" ಎಂದು ಆಕೆ ಗಾಬರಿಯಿಂದ ಮೇಲೆ ನೋಡಿದಳು.

"ಇಲ್ಲಮ್ಮ, ಅದು..." ಎಂದು ಅವನು ಕೆಳಗೆ ಬಗ್ಗಿದ. ಟೋಪಿ ಜಾರಿ ಆಕೆಯ ಪಾದದ ಬಳಿ ಬಿತ್ತು.

ಆಕೆ ಅಲ್ಲಲ್ಲಿ ಬೋಳಾಗಿ, ಅಲ್ಲಲ್ಲಿ ಕುಚ್ಚಾಗಿ ನಿಂತಿದ್ದ ಆ ತಲೆಯನ್ನು ನೋಡಿದಳು. ರತ್ನಗಂಬಳಿಯ ಮೇಲೆ ಬಿದ್ದ ಪುಡಿಯನ್ನು ನೋಡಿದಳು. ಎರಡನ್ನೂ ಕೂಡಿಸಿ ಒಂದು ತೀರ್ಮಾನಕ್ಕೆ ಬಂದು ಚಿಟ್ಟನೆ ಚೀರಿದಳು. "ಅಯ್ಯಯ್ಯೋ, ಚರ್ಮದ ರೋಗ! ಉದುರ್ತಾ ಇದೆ! ಇಳೀರಿ, ಏನೂ ಮುಟ್ಟಬೇಡಿ!"

"ಅಮ್ಮ, ಇದು ಬಿಸ್ಕತ್ತು..."

"ಏನಾದ್ರೂ ಆಗಿರ್ಲಿ, ಮೊದಲು ಹೊರಗೆ ನಡೀರಿ!"

ಅವನು ಏಣಿ ಹೊತ್ತು ಗೇಟು ದಾಟುವಷ್ಟರಲ್ಲಿ ಅಂಗಡಿಯ ಯಜಮಾನಿಯ ಫೋನು ಬಂತು. "ಏನ್ರೀ ನಿಮಗೆ? ಗಿರಾಕಿ ಮನೆಯವರೆಲ್ಲ ಸೋಪು ಹಚ್ಕೊಂಡು ಸ್ನಾನ ಮಾಡ್ತಿದ್ದಾರಂತೆ. ಇವತ್ತು ಅಂಗಡಿ ಕಡೆ ಬರಬೇಡಿ. ಮನೆಗೆ ಹೋಗಿ ಮಲಗಿ."

ಹೀಗೆ ಅಳತೆಗಾರ ನಡುಮಧ್ಯಾಹ್ನಕ್ಕೆ, ಟೋಪಿ ಕಳೆದುಕೊಂಡು, ಮಾರಾಟವಾಗದ ಏಣಿಯೊಂದಿಗೆ ಮನೆಯ ಅಂಗಳಕ್ಕೆ ಕಾಲಿಟ್ಟ. ಡಂಗುರದತ್ತೆ ಬೆಳಿಗ್ಗೆಯಿಂದ ಸುಮ್ಮನೆ ಕೂತಿರಲಿಲ್ಲ. ಕಟ್ಟಡದ ಅರ್ಧ ಜನ ಅಂಗಳದಲ್ಲಿ ಸೇರಿದ್ದರು. ಒಬ್ಬರ ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಬ್ಬರ ಕೈಯಲ್ಲಿ ಮಂಡಿ ಸವೆದ ಪ್ಯಾಂಟು, ಮೂರನೆಯವರ ಕೈಯಲ್ಲಿ ಅರ್ಧ ಖಾಲಿಯಾದ ತಲೆಗೆಣ್ಣೆಯ ಸೀಸೆ. ಆ ಸೀಸೆಯವರು ಅವನ ತಲೆ ಕಂಡದ್ದೇ ಅದನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದರು.

"ತಲೆ ಕೂಡ ಬೋಳಿಸ್ಕೊಂಡು ಬಿಟ್ಟಿದ್ದಾನಲ್ಲಪ್ಪ," ಎಂದು ಯಾರೋ ಪಿಸುಗುಟ್ಟಿದರು.

"ಮನಸ್ಸಿಗೆ ಹಚ್ಕೋಬೇಡ ಕಣಪ್ಪ," ಎಂದು ಡಂಗುರದತ್ತೆ ಅವನ ತೋಳು ಹಿಡಿದಳು. "ಕೆಲಸ ಇವತ್ತು ಹೋದ್ರೆ ನಾಳೆ ಬರುತ್ತೆ. ನನ್ನ ತಮ್ಮನ ಗೋದಾಮಲ್ಲಿ ಕಾವಲು ಕಾಯೋಕೆ ಒಬ್ಬರು ಬೇಕಂತೆ. ಹೇಳ್ಲಾ?"

ಅಳತೆಗಾರ ಬಾಯಿ ತೆರೆದ, "ಕೆಲಸ ಎಲ್ಲೂ ಹೋಗಿಲ್ಲ ಅತ್ತೆ," ಎನ್ನಲು. ಆದರೆ ಅಷ್ಟರಲ್ಲಿ ಕಣ್ಣು ಮೇಲಕ್ಕೆ ಹೋಯಿತು. ಕಂಬಿಯ ಮೇಲೆ ಆ ಎರಡು ಪಾದಗಳು. ಪಾದಗಳ ನಡುವೆ ಗಾಜಿನ ಸಾಹೇಬನ ಮುಖ. ಆ ಮುಖದ ಮೇಲೆ ಮರುಕ!

ಸವೆದ ಪ್ಯಾಂಟನ್ನು ತಡೆದುಕೊಳ್ಳಬಹುದಿತ್ತು, ಗೋದಾಮಿನ ಕಾವಲನ್ನೂ ತಡೆದುಕೊಳ್ಳಬಹುದಿತ್ತು. ಎದುರುಮನೆಯವನ ಮರುಕ ಮಾತ್ರ ಅಳತೆಗಾರನ ಎದೆಗೆ ಕೊಳ್ಳಿ ಇಟ್ಟಂತೆ ತಾಗಿತು. ಅವನು ಏಣಿಯನ್ನು ದಢಾರನೆ ನೆಲಕ್ಕಿಟ್ಟ.

"ಯಾರ್ರೀ ಹೇಳಿದ್ದು ಕೆಲಸ ಹೋಯ್ತು ಅಂತ? ನಾನೇ ಬಿಟ್ಟೆ! ನಿವೃತ್ತಿ! ಇವತ್ತಿಂದ ನಾನೂ ನಿವೃತ್ತಿ ತಗೊಂಡಿದ್ದೀನಿ!"

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅಕ್ಕಿಯ ಚೀಲ ಬಂದ ದಾರಿಯಲ್ಲೇ ವಾಪಸಾಯಿತು. "ನಿವೃತ್ತಿಗೆ ತಲೆ ಯಾಕಪ್ಪ ಹೀಗೆ?" ಎಂದು ಡಂಗುರದತ್ತೆ ಕೇಳಿದ್ದಕ್ಕೆ ಯಾರೂ ಕಿವಿಗೊಡಲಿಲ್ಲ.

ಮೇಲೆ ಆ ಪಾದಗಳು ಕಂಬಿಯಿಂದ ಇಳಿದಿದ್ದವು. ಗಾಜಿನ ಸಾಹೇಬ ಎದ್ದು ನಿಂತಿದ್ದ. ಲೋಟ ಹಿಡಿದೇ ಕಂಬಿಯಾಚೆ ಬಾಗಿದ್ದ.

"ನಿಜವಾಗ್ಲೂ ಬಿಟ್ರಾ? ಪೂರ್ತಿ?" ಎಂದು ಕೂಗಿ ಕೇಳಿದ.

"ಪೂರ್ತಿ!"

"ಮತ್ತೆ ಆ ಅಂಗಡಿ ಕಡೆ ಹೋಗಲ್ವಾ?"

"ಆ ದಿಕ್ಕಿಗೆ ತಲೆ ಹಾಕಿ ಮಲಗೋದೂ ಇಲ್ಲ!"

ಗಾಜಿನ ಸಾಹೇಬ ಲೋಟ ಬಿಟ್ಟು ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಮೆಟ್ಟಿಲಿಳಿದು, ಯಾರ ಮುಖವನ್ನೂ ನೋಡದೆ ಗೇಟು ದಾಟಿಹೋದ.

ಸಹಿಸಲಾಗದೆ ಓಡಿಹೋದ ಎಂದುಕೊಂಡ ಅಳತೆಗಾರ. ಅಷ್ಟು ಸುಖದ ಮಧ್ಯಾಹ್ನ ಅವನ ಆಯುಷ್ಯದಲ್ಲೇ ಬಂದಿರಲಿಲ್ಲ. ಕುರ್ಚಿ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು, ಖಾಲಿ ಬಿದ್ದ ಎದುರು ಕಂಬಿಯನ್ನು ನೋಡುತ್ತ ನೋಡುತ್ತ ಹೊಟ್ಟೆಯ ಉರಿಯೆಲ್ಲ ತಣ್ಣಗಾಯಿತು. ಇನ್ನೊಬ್ಬರ ಹೊಟ್ಟೆ ಉರಿಸುವುದು ಇಷ್ಟು ಹಿತವೆಂದು ಮೊದಲೇ ಗೊತ್ತಿದ್ದರೆ! ನಾಳೆ ನಸುಕಿಗೆ ಹಿಂದಿನ ಗೇಟಿನಿಂದ ಗುಟ್ಟಾಗಿ ಕೆಲಸಕ್ಕೆ ಹೋದರಾಯಿತು. ತಿಂಗಳೆರಡು ತಿಂಗಳು ಹೀಗೆ ದೂಡಿ, ಬೇಸರವಾಗಿ ಮತ್ತೆ ಸೇರಿಕೊಂಡೆ ಎಂದರಾಯಿತು.

ಸಂಜೆ ಹೆಂಡತಿ ಬಂದಳು. ಡಂಗುರದತ್ತೆ ಗೇಟಿನಲ್ಲೇ ಅವಳಿಗೆ ಅಭಿನಂದನೆ ಹೇಳಿಯಾಗಿತ್ತು.

"ರೀ, ಕೆಲಸ ಬಿಟ್ಟಿದ್ದೀರಂತೆ? ನಿಮ್ಮ ತಲೆಗೆ ಏನಾಗಿದೆ?" ಎಂದವಳು, ತಲೆಯನ್ನು ನಿಜವಾಗಿಯೂ ನೋಡಿದ ಮೇಲೆ ಅಲ್ಲೇ ಕುಸಿದು ಕೂತಳು.

"ಬಿಟ್ಟಿಲ್ಲ ಕಣೇ, ಸುಮ್ನೆ ಹೇಳಿದ್ದು. ಅವನ ಮುಖ ನೋಡಬೇಕಿತ್ತು ನೀನು..."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಗಾಜಿನ ಸಾಹೇಬ. ಹಿಂದೆ ಅವನ ಹೆಂಡತಿ, ಕೈಯಲ್ಲಿ ಸಿಹಿಯ ಪೊಟ್ಟಣ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ," ಎಂದು ಗಾಜಿನ ಸಾಹೇಬ ಅಳತೆಗಾರನ ಎರಡೂ ಕೈ ಹಿಡಿದುಕೊಂಡ. "ನಿವೃತ್ತಿನೂ ಇಲ್ಲ, ಮಣ್ಣೂ ಇಲ್ಲ. ಕಂಪನಿಯವರು ಕೆಲಸದಿಂದ ತೆಗೆದುಬಿಟ್ರು. ಯಾರಿಗೆ ಹೇಳಲಿ? ಕೆಳಮನೆ ಅತ್ತೆ ಕಿವಿಗೆ ಬಿದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ನಿವೃತ್ತಿ ಅಂದೆ. ಕಾರು ಮಾರಿದ್ದು ತಿನ್ನೋದಕ್ಕೆ. ದಿನಾ ಬೆಳಿಗ್ಗೆ ನೀವು ಬೂಟು ಹಾಕ್ಕೊಂಡು ಕೆಲಸಕ್ಕೆ ಹೊರಡೋದು ನೋಡಿ ನನ್ನ ಹೊಟ್ಟೆ ಹೇಗೆ ಉರೀತಿತ್ತು ಗೊತ್ತಾ?"

ಅಳತೆಗಾರ ಕೈ ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ನೀವು ಬಿಟ್ಟೆ ಅಂದ ತಕ್ಷಣ ಓಡಿದೆ ನಿಮ್ಮ ಅಂಗಡಿಗೆ. ಯಜಮಾನಿಯವರು, 'ಓಹೋ, ಅದಕ್ಕೇ ಬೆಳಿಗ್ಗೆಯಿಂದ ಹಾಗಾಡ್ತಿದ್ದಾರೆ' ಅಂದ್ರು. ಕಿಟಕಿ ವಿಷಯ ನನಗೂ ಗೊತ್ತಲ್ಲ, ನಾಳೆಯಿಂದಲೇ ಬನ್ನಿ ಅಂತ ಹೇಳಿಬಿಟ್ರು!"

ಅವನ ಹೆಂಡತಿ ಸಿಹಿಯ ಪೊಟ್ಟಣವನ್ನು ಅಳತೆಗಾರನ ಹೆಂಡತಿಯ ಕೈಗಿತ್ತು, "ನೀವೇ ಪುಣ್ಯವಂತೆ ಕಣ್ರೀ," ಎಂದು ಕಣ್ಣೊರೆಸಿಕೊಂಡಳು.

ಅವರು ಹೋದದ್ದೇ ಅಳತೆಗಾರ ಬಚ್ಚಲುಮನೆಗೆ ನುಗ್ಗಿ, ಚಿಲಕ ಹಾಕಿ, ಯಜಮಾನಿಗೆ ಫೋನು ಹಚ್ಚಿದ.

"ಮೇಡಂ, ಏನೋ ತಪ್ಪು ತಿಳಿವಳಿಕೆ ಆಗಿದೆ. ನಾನು ಕೆಲಸ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಬರ್ತೀನಿ."

"ಅಯ್ಯೋ, ಈಗ ಹೇಗ್ರೀ?" ಎಂದಳು ಯಜಮಾನಿ. "ಅವರಿಗೆ ಮಾತು ಕೊಟ್ಟಾಯ್ತಲ್ಲ. ಅಲ್ಲದೆ ನಿಮಗೆ ಕೊಡೋ ಸಂಬಳದ ಅರ್ಧಕ್ಕೇ ಬರ್ತೀನಿ ಅಂದಿದ್ದಾರೆ. ಬೇಜಾರು ಮಾಡ್ಕೋಬೇಡಿ. ಈ ಏರಿಯಾದಲ್ಲಿ ಅಂಗಡಿ ನಡೆಸೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಾನೂ ಕೈಲಾದಷ್ಟು ಖರ್ಚು ಕಡಿಮೆ ಮಾಡ್ತಾ ಬಂದಿದ್ದೀನಿ."

"ಯಾಕೆ ಮೇಡಂ?" ಎಂದು ಅಳತೆಗಾರ ಕ್ಷೀಣ ದನಿಯಲ್ಲಿ ಕೇಳಿದ.

"ಯಾಕೆ ಅಂದ್ರೆ? ನಿಮ್ಮಂಗೇ ಕಣ್ರೀ," ಎಂದು ಯಜಮಾನಿ ಖುಷಿಯಿಂದ ನಕ್ಕಳು. "ಬೇಗ ನಿವೃತ್ತಿ ತಗೊಳ್ಳೋಣ ಅಂತ. ನಿಮ್ಮ ಸಂಬಳದಲ್ಲಿ ಅರ್ಧ ಉಳಿದ್ರೆ ಮುಂದಿನ ವರ್ಷವೇ ಆಗಿಹೋಗುತ್ತೆ."

ಬಚ್ಚಲುಮನೆಯ ಕತ್ತಲಲ್ಲಿ ಅಳತೆಗಾರ ಫೋನು ಹಿಡಿದು ನಿಂತೇ ಇದ್ದ. ಹೊರಗೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು. ಹೊಟ್ಟೆಯಲ್ಲಿ ಮತ್ತೆ ಬೆಂಕಿ ಹೊತ್ತಿಕೊಂಡಿತು. ಆದರೆ ಮೊದಲು ಯಾರ ಮೇಲೆ ಉರಿದುಕೊಳ್ಳಬೇಕು, ಕೆಲಸ ಸಿಕ್ಕಿದವನ ಮೇಲೋ ಕೆಲಸ ಬಿಡಲಿರುವವಳ ಮೇಲೋ ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.